ತಬ್ಬಲಿಗಳ ಕಥೆ ಓದಿ ನಗುವ ಮಗಳು

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ, ಮಗನಿಗೆ 5. ಮಗಳು ಸ್ಕೂಲ್ ಲೈಬ್ರರಿಯಿಂದ ‘ಎ ಸೀರೀಸ್ ಆಫ್ ಅನ್‌ಫಾರ್ಚುನೇಟ್ ಇವೆಂಟ್ಸ್’ ಅನ್ನೋ ಇಂಗ್ಲಿಷ್ ಪುಸ್ತಕಗಳನ್ನು ತರುತ್ತಿದ್ದಾಳೆ. ಒಟ್ಟು 13 ಇವೆಯಂತೆ, ಈಗ ಮೂರನೆಯದು ಓದುತ್ತಿದ್ದಾಳೆ. ಊಟದ ತಟ್ಟೆ ಮುಂದೆಯೂ ಪುಸ್ತಕ ಹಿಡಿದು ಕಿಸಕ್ಕನೆ ನಗುತ್ತಾಳೆ. ಅಷ್ಟು ತಮಾಷೆ ಏನಿದೆ ಅಂತ ಮೊದಲನೆಯದನ್ನು ತೆರೆದೆ. ಮೊದಲ ಅಧ್ಯಾಯದಲ್ಲೇ ಮೂರು ಮಕ್ಕಳ ಅಪ್ಪ ಅಮ್ಮ ಬೆಂಕಿಯಲ್ಲಿ ಸಾಯುತ್ತಾರೆ. ಆಮೇಲೆ ಒಬ್ಬ ಸಂಬಂಧಿಕ ಕೂಸನ್ನು ಪಂಜರಕ್ಕೆ ಹಾಕಿ ಗೋಪುರದಿಂದ ನೇತುಬಿಡುತ್ತಾನೆ, 14 ವರ್ಷದ ಅಕ್ಕನನ್ನು ಮದುವೆಯಾಗಲು ನೋಡುತ್ತಾನೆ. ಅತ್ತೆ ‘ಇಂಥ ಅಪಶಕುನದ ಪುಸ್ತಕ ಮನೇಲಿ ಬೇಡ’ ಅಂತಾರೆ. ನಮ್ಮನೆಯವರು ‘ಮೊಬೈಲ್ ಬಿಟ್ಟು ಓದ್ತಿದಾಳಲ್ಲ, ಸುಮ್ನಿರು’ ಅಂತಾರೆ. ಹೋದ ವಾರ ಮಲಗುವಾಗ ಮಗಳು ‘ಅಮ್ಮಾ, ನೀನೂ ಅಪ್ಪನೂ ಸತ್ತೋದ್ರೆ ನಾನೂ ತಮ್ಮನೂ ಯಾರ ಮನೇಲಿರೋದು?’ ಅಂದಳು. ‘ಬಿಡ್ತು ಅನ್ನು, ಹಾಗೆಲ್ಲ ಮಾತಾಡಬಾರದು’ ಅಂತ ಬೆನ್ನು ತಟ್ಟಿ ಮಲಗಿಸಿದೆ. ನನಗೆ ನಿದ್ದೆ ಬರಲಿಲ್ಲ. ಪುಸ್ತಕ ನಿಲ್ಲಿಸಲಾ? ಮಗನಿಗೂ ಓದಿ ಹೇಳ್ತೀನಿ ಅಂತ ಹಟ ಮಾಡ್ತಿದ್ದಾಳೆ, ಬಿಡಲಾ?
— ಒಬ್ಬ ತಾಯಿ, ಮೈಸೂರು

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸೇರಿಕೊಂಡಿವೆ. ಒಂದು, ಸಾವಿನ ಕಥೆ ಓದಿ ನಗುವ ಮಗುವಿನ ಮನಸ್ಸಿಗೆ ಏನಾಗುತ್ತಿದೆ ಅನ್ನೋದು. ಇನ್ನೊಂದು, ಅವಳು ಮಲಗುವಾಗ ಕೇಳಿದ ಪ್ರಶ್ನೆ. ಮೊದಲನೆಯದಕ್ಕೆ ನೀವು ಇಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಎರಡನೆಯದಕ್ಕೆ ಮಾತ್ರ ನೀವಿನ್ನೂ ಉತ್ತರ ಕೊಟ್ಟಿಲ್ಲ. ನಾನು ವೈದ್ಯೆ ಅಲ್ಲ, ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಮಕ್ಕಳ ಲೈಬ್ರರಿಯಲ್ಲಿ ಕೆಲಸ ಮಾಡಿದವಳು. ಈ 13 ಪುಸ್ತಕಗಳನ್ನು ಮಕ್ಕಳು ತೆಗೆದುಕೊಂಡು ಹೋಗುವುದನ್ನೂ ವಾಪಸ್ ತರುವುದನ್ನೂ ನೋಡುತ್ತಾ ಬಂದಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ.

ಪುಸ್ತಕ ಏನು ಅನ್ನೋದನ್ನು ಮೊದಲು ನೋಡೋಣ. ಬರೆದವರು ಡೇನಿಯಲ್ ಹ್ಯಾಂಡ್ಲರ್, 1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದವರು. ‘ಲೆಮನಿ ಸ್ನಿಕೆಟ್’ ಅವರ ಬರವಣಿಗೆಯ ಹೆಸರು, ಕಥೆ ಹೇಳುವ ಪಾತ್ರದ ಹೆಸರೂ ಹೌದು. ಮೊದಲ ಪುಸ್ತಕ 1999ರಲ್ಲಿ ಬಂತು. ಕೊನೆಯದು 2006ರ ಅಕ್ಟೋಬರ್ 13ಕ್ಕೆ, ಅದೂ ಬೇಕಂತಲೇ ಶುಕ್ರವಾರ. ಅವರ ಕಡೆ 13ನೇ ತಾರೀಕು ಶುಕ್ರವಾರ ಬಂದರೆ ಕೆಟ್ಟ ದಿನ ಅನ್ನೋ ನಂಬಿಕೆ ಇದೆ. ಪ್ರತಿ ಪುಸ್ತಕಕ್ಕೂ 13 ಅಧ್ಯಾಯ, ಕೊನೆಯದಕ್ಕೆ ಮಾತ್ರ ಒಂದು ಜಾಸ್ತಿ. ನಿಮ್ಮ ಅತ್ತೆ ಅಪಶಕುನ ಅಂದಿದ್ದು ಪೂರ್ತಿ ತಪ್ಪಲ್ಲ ನೋಡಿ, ಲೇಖಕರೇ ಅದನ್ನು ತಮಾಷೆಗೆ ಬಳಸಿಕೊಂಡಿದ್ದಾರೆ.

ಬೋದಲೇರ್ ಮನೆತನದ ಮೂವರು ಮಕ್ಕಳು. ವಯೊಲೆಟ್‌ಗೆ 14, ಏನಾದರೂ ಯಂತ್ರ ಯೋಚಿಸುವಾಗ ಕೂದಲನ್ನು ರಿಬ್ಬನ್‌ನಲ್ಲಿ ಮೇಲೆ ಕಟ್ಟಿಕೊಳ್ಳುತ್ತಾಳೆ. ಕ್ಲೌಸ್‌ಗೆ 12, ಓದಿದ್ದೆಲ್ಲ ನೆನಪಿಡುವವನು. ಸನ್ನಿ ಇನ್ನೂ ಕೂಸು, ಬಾಯಲ್ಲಿ ನಾಲ್ಕೇ ಹಲ್ಲು, ಸಿಕ್ಕಿದ್ದೆಲ್ಲ ಕಚ್ಚುತ್ತಾಳೆ. ಅಪ್ಪ ಅಮ್ಮ ಸತ್ತ ಮೇಲೆ ಆಸ್ತಿಯ ಉಸ್ತುವಾರಿ ಮಿಸ್ಟರ್ ಪೋ ಅನ್ನುವ ಬ್ಯಾಂಕಿನವರದ್ದು. ಯಾವಾಗಲೂ ಕೆಮ್ಮುತ್ತಿರುವ ಮನುಷ್ಯ. ಅವರು ಮಕ್ಕಳನ್ನು ಕೌಂಟ್ ಓಲಾಫ್ ಎಂಬ ನಾಟಕದವನ ಮನೆಗೆ ಬಿಡುತ್ತಾರೆ. ಆಸ್ತಿ ಹೊಡೆಯುವುದೊಂದೇ ಅವನ ಗುರಿ. ಅಲ್ಲಿಂದ ತಪ್ಪಿಸಿಕೊಂಡರೆ ಇನ್ನೊಬ್ಬ ಸಂಬಂಧಿಕರ ಮನೆ, ಅಲ್ಲಿಗೂ ಓಲಾಫ್ ವೇಷ ಹಾಕಿಕೊಂಡು ಬರುತ್ತಾನೆ.

ಇದರಲ್ಲಿ ನಗೋದು ಏನಿದೆ ಅಂತ ನಿಮಗೆ ಅನ್ನಿಸಿದೆ. ಕಂಪನಿ ನಾಟಕ ನೋಡಿದ್ದರೆ ನಿಮಗೆ ಬೇಗ ಹೊಳೆಯುತ್ತದೆ. ಖಳನಾಯಕ ಗಡ್ಡ ಅಂಟಿಸಿಕೊಂಡು ಸನ್ಯಾಸಿಯ ವೇಷದಲ್ಲಿ ಬರುತ್ತಾನೆ. ಮುಂದಿನ ಸಾಲಿನಲ್ಲಿ ಕೂತ ಮಕ್ಕಳೆಲ್ಲ ‘ಅವನೇ! ಅವನೇ!’ ಅಂತ ಕೂಗುತ್ತಾರೆ. ರಂಗದ ಮೇಲಿನ ಯಜಮಾನರಿಗೆ ಮಾತ್ರ ಗೊತ್ತೇ ಆಗಲ್ಲ, ಕಾಲಿಗೆ ಬೀಳುತ್ತಾರೆ. ಇಲ್ಲೂ ಅದೇ. ಓಲಾಫನಿಗೆ ಎರಡು ಕಣ್ಣಿಗೂ ಸೇರಿ ಒಂದೇ ಉದ್ದ ಹುಬ್ಬು, ಪಾದದ ಗಂಟಿನ ಹತ್ತಿರ ಕಣ್ಣಿನ ಹಚ್ಚೆ. ಎರಡನೇ ಪುಸ್ತಕದಲ್ಲಿ ಹಚ್ಚೆಗೆ ಪೌಡರ್ ಬಳಿದುಕೊಂಡು ಬರುತ್ತಾನೆ. ಮಕ್ಕಳಿಗೆ ನೋಡಿದ ತಕ್ಷಣ ಗೊತ್ತು, ಓದುವವರಿಗೂ ಗೊತ್ತು. ಮಿಸ್ಟರ್ ಪೋಗೆ ಮಾತ್ರ ತಿಳಿಯಲ್ಲ. ಮಕ್ಕಳು ಹೇಳಿದರೂ ಕೇಳಿಸಿಕೊಳ್ಳಲ್ಲ, ಕೆಮ್ಮುತ್ತಾರೆ.

ನಿಮ್ಮ ಮಗಳು ನಗುತ್ತಿರುವುದು ಸಾವಿಗಲ್ಲ, ಕಿವಿಗೊಡದ ದೊಡ್ಡವರಿಗೆ. ಒಂಬತ್ತು ವರ್ಷದ ಯಾವ ಮಗುವಿಗೂ ಇದಕ್ಕಿಂತ ಪರಿಚಯದ ವಿಷಯ ಇನ್ನೊಂದಿಲ್ಲ.

ಮೊದಲ ಅಧ್ಯಾಯವನ್ನೇ ಇನ್ನೊಮ್ಮೆ ತೆರೆದು ನೋಡಿ. ಪೋ ಸಮುದ್ರತೀರಕ್ಕೆ ಬಂದು, ನಿಮ್ಮ ತಂದೆತಾಯಿ ತೀರಿಕೊಂಡರು ಅನ್ನುವುದಕ್ಕೆ ಇಂಗ್ಲಿಷಿನ ಒಂದು ದೊಡ್ಡ ಪದ ಬಳಸುತ್ತಾರೆ. ಮಕ್ಕಳು ಮಾತೇ ಹೊರಡದೆ ನಿಂತಿರುವಾಗ ಆ ಪದದ ಅರ್ಥ ಬಿಡಿಸಿ ಹೇಳಲು ಹೋಗುತ್ತಾರೆ. ಕ್ಲೌಸ್‌ಗೆ ಸಿಟ್ಟು ಬರುತ್ತದೆ: ಅರ್ಥ ನಮಗೆ ಗೊತ್ತು. ಸಾವಿನ ಮನೆಯಲ್ಲಿ ಅಪ್ಪಿಕೊಳ್ಳುವುದು ಬಿಟ್ಟು ನಿಘಂಟು ಓದುವ ಮನುಷ್ಯ! ನಮ್ಮ ಲೈಬ್ರರಿಗೆ ಬರುತ್ತಿದ್ದ ಒಬ್ಬ ಹುಡುಗನ ತಂದೆ ತೀರಿಕೊಂಡು ಕೆಲವು ತಿಂಗಳಾಗಿತ್ತು. ಅವನ ಕಣ್ಣಿಗೆ ಬೀಳದಿರಲಿ ಅಂತ ಈ ಪುಸ್ತಕಗಳನ್ನು ನಾನು ಮೇಲಿನ ಕಪಾಟಿಗೆ ಸಾಗಿಸಿದ್ದೆ. ಅವನು ಸ್ಟೂಲ್ ಹಾಕಿಕೊಂಡು ತೆಗೆದುಕೊಂಡ. ಎರಡು ದಿನ ಬಿಟ್ಟು ಬಂದು ‘ಆಂಟಿ, ಈ ಪೋ ನಮ್ ದೊಡ್ಡಪ್ಪನ ಥರಾನೇ’ ಅಂದು ನಕ್ಕ. ತಿಥಿಯ ದಿನ ದೊಡ್ಡಪ್ಪ ಅವನನ್ನು ಕೂರಿಸಿಕೊಂಡು ‘ಇನ್ನು ಮನೆಗೆ ನೀನೇ ಗಂಡು ದಿಕ್ಕು’ ಅಂತ ಅರ್ಧ ಗಂಟೆ ಉಪದೇಶ ಮಾಡಿದ್ದರಂತೆ. ಹುಡುಗನಿಗೆ ಆಗ ಹತ್ತು ವರ್ಷ. ಕಪಾಟು ಬದಲಿಸುವ ಕೆಲಸವನ್ನು ನಾನು ಅಲ್ಲಿಗೇ ಬಿಟ್ಟೆ.

ಹಾಗಂತ ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದಿದ್ದನ್ನು ಕಣ್ಣಾರೆ ನೋಡಿದ್ದ ಹುಡುಗಿಯೊಬ್ಬಳು ಮೊದಲ ಅಧ್ಯಾಯ ದಾಟಲಾರದೆ ವಾಪಸ್ ತಂದುಕೊಟ್ಟಳು. ಅದೂ ಸರಿಯೇ. ತಮಗೆ ಒಗ್ಗದ ಪುಸ್ತಕವನ್ನು ಮಕ್ಕಳು ನಮಗಿಂತ ಬೇಗ ಮುಚ್ಚುತ್ತಾರೆ. ನಾವು ದುಡ್ಡು ಕೊಟ್ಟಿದ್ದೇವೆ ಅಂತ ಮುಗಿಸುತ್ತೇವೆ.

ಇನ್ನು ತಪ್ಪು ತಿಳಿವಳಿಕೆಗಳು. ಇದು ದೆವ್ವದ ಕಥೆ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಸಾವಿನ ಕಥೆ ಓದಿದರೆ ಮಗು ಕಲ್ಲುಮನಸ್ಸಿನದಾಗುತ್ತದೆ ಅನ್ನುವುದು ಇನ್ನೊಂದು. ನಾನು ಕಂಡಿದ್ದು ಹಾಗಲ್ಲ. ಒಂಬತ್ತು ಹತ್ತರ ಹೊತ್ತಿಗೆ ಬಹುತೇಕ ಮಕ್ಕಳಿಗೆ ಸಾವು ಅಂದರೆ ಏನು, ಸತ್ತವರು ವಾಪಸ್ ಬರಲ್ಲ, ಎಲ್ಲರೂ ಒಂದು ದಿನ ಸಾಯುತ್ತಾರೆ ಅನ್ನೋದು ಅರ್ಥವಾಗಿರುತ್ತದೆ. ಅದನ್ನು ಪುಸ್ತಕ ಕಲಿಸಲಿಲ್ಲ. ಅವರಿಗೆ ಗೊತ್ತಿದ್ದದ್ದನ್ನು ಯಾರೋ ಒಬ್ಬರು ಬಾಯಿಬಿಟ್ಟು ಹೇಳಿದರು ಅಷ್ಟೆ.

ಮೂರನೆಯದು ‘ದುರದೃಷ್ಟ’ ಅನ್ನುವ ಮಾತು. ಹೆಸರಿನಲ್ಲೇ ಇದೆ, ಆದರೆ ಅದೇ ದೊಡ್ಡ ಕೀಟಲೆ. ಈ ಮಕ್ಕಳಿಗೆ ಆಗುವ ಯಾವುದೂ ಹಣೆಬರಹ ಅಲ್ಲ. ಒಬ್ಬನ ದುರಾಸೆ, ಇನ್ನೊಬ್ಬರ ಉದಾಸೀನ, ಮತ್ತೊಬ್ಬರ ಪುಕ್ಕಲುತನ. ಪ್ರತಿ ಅನಾಹುತದ ಹಿಂದೆ ಒಂದು ಕೈ ಇದೆ. ಚುರುಕಾದ ಮಗು ಮೂರನೇ ಪುಸ್ತಕದ ಹೊತ್ತಿಗೆ ಇದನ್ನು ಹಿಡಿದಿರುತ್ತದೆ.

ಮಕ್ಕಳ ಕಥೆಯಲ್ಲಿ ತಬ್ಬಲಿಗಳು ಇಷ್ಟೊಂದು ಯಾಕೆ ಅಂತಲೂ ನಿಮಗೆ ಅನ್ನಿಸಿರಬಹುದು. ಸುಲಭದ ಕಾರಣ ಒಂದಿದೆ. ಅಮ್ಮ ಮನೆಯಲ್ಲಿದ್ದರೆ ‘ಕತ್ತಲಾಯ್ತು, ಒಳಗೆ ಬಾ’ ಅನ್ನುತ್ತಾಳೆ, ಕಥೆ ಅಲ್ಲಿಗೇ ಮುಗಿಯಿತು. ಹಾಗಾಗಿ ಕಥೆಗಾರರು ಮೊದಲು ತಂದೆತಾಯಿಯನ್ನು ದಾರಿಯಿಂದ ಸರಿಸುತ್ತಾರೆ. ಡಿಕನ್ಸ್ 1837ರಲ್ಲಿ ಶುರು ಮಾಡಿದ ‘ಆಲಿವರ್ ಟ್ವಿಸ್ಟ್’ನಲ್ಲಿ ಹುಡುಗ ಹುಟ್ಟುತ್ತಲೇ ತಾಯಿ ಸಾಯುತ್ತಾಳೆ. ರೋಲ್ಡ್ ಡಾಲ್ 1961ರ ಒಂದು ಕಾದಂಬರಿಯಲ್ಲಿ ಅಪ್ಪ ಅಮ್ಮನನ್ನು ಶುರುವಿನಲ್ಲೇ ಘೇಂಡಾಮೃಗದ ಬಾಯಿಗೆ ಹಾಕಿಬಿಟ್ಟರು. ಡಿಕನ್ಸ್ ದಾರಿಯ ಕಥೆಗಳಲ್ಲಿ ಕೊನೆಗೆ ಒಬ್ಬ ಒಳ್ಳೆಯ ಸಿರಿವಂತ ಬಂದು ಮಗುವನ್ನು ಮಡಿಲಿಗೆ ತೆಗೆದುಕೊಳ್ಳುತ್ತಾನೆ. ಹ್ಯಾಂಡ್ಲರ್ ಮಾಡಿದ್ದು ಇದರ ಉಲ್ಟಾ. ಇಲ್ಲಿ ಒಳ್ಳೆಯ ಪಾಲಕ ಸಿಕ್ಕ ಅನ್ನುವಷ್ಟರಲ್ಲಿ ಹಾವಿನ ವಿಷಕ್ಕೆ ಬಲಿಯಾಗಿರುತ್ತಾನೆ.

ಜರ್ಮನಿಯಲ್ಲಿ ಇನ್ನೊಂದು ದಾರಿ ಇತ್ತು. ಫ್ರಾಂಕ್‌ಫರ್ಟ್‌ನ ಹೈನ್ರಿಚ್ ಹಾಫ್‌ಮನ್ ಎಂಬ ವೈದ್ಯರು 1844ರ ಕ್ರಿಸ್‌ಮಸ್‌ಗೆ ತಮ್ಮ ಮೂರು ವರ್ಷದ ಮಗನಿಗೆ ಒಂದು ಚಿತ್ರಪುಸ್ತಕ ಮಾಡಿದರು. ಅದು ಮರುವರ್ಷ ಅಚ್ಚಾಯಿತು. ಅದರಲ್ಲಿ ಬೆರಳು ಚೀಪುವ ಹುಡುಗನ ಹೆಬ್ಬೆರಳನ್ನು ದರ್ಜಿ ಕತ್ತರಿಸುತ್ತಾನೆ, ಬೆಂಕಿಕಡ್ಡಿ ಗೀರಿದ ಹುಡುಗಿ ಸುಟ್ಟು ಬೂದಿಯಾಗುತ್ತಾಳೆ. ಮಾತು ಕೇಳದಿದ್ದರೆ ಹೀಗಾಗುತ್ತದೆ ಅನ್ನುವ ಬೆದರಿಕೆ. ನನ್ನ ಮಟ್ಟಿಗೆ ಮೂರು ವರ್ಷದವನಿಗೆ ಅದೇ ಹೆಚ್ಚು ಕ್ರೂರ. ಬೋದಲೇರ್ ಮಕ್ಕಳು ಯಾವ ತಪ್ಪನ್ನೂ ಮಾಡಿರುವುದಿಲ್ಲ. ಜಾಣರು, ಹೇಳಿದ ಮಾತು ಕೇಳುವವರು, ಆದರೂ ಕಷ್ಟ ತಪ್ಪಲ್ಲ. ಹ್ಯಾಂಡ್ಲರ್ ಅವರ ತಂದೆ ಜರ್ಮನಿಯಿಂದ ಪಾರಾಗಿ ಅಮೆರಿಕಕ್ಕೆ ಬಂದ ಯಹೂದಿ. ಒಳ್ಳೆಯವರಿಗೆ ಒಳ್ಳೆಯದೇ ಆಗುತ್ತದೆ ಅನ್ನುವ ಮಾತು ಅಂಥ ಮನೆಯಲ್ಲಿ ಬೆಳೆದವರ ಬಾಯಿಂದ ಸುಲಭವಾಗಿ ಬರಲಾರದು ಅನ್ನೋದು ನನ್ನ ಊಹೆ, ಅಷ್ಟೆ.

ಇಷ್ಟಾದರೂ ಓದುವ ಮಗು ಹೆದರಿ ಓಡಲ್ಲ, ಯಾಕಂದರೆ ಕಥೆ ಹೇಳುವ ಸ್ನಿಕೆಟ್ ಮುಂಚಿತವಾಗಿ ಎಲ್ಲ ಹೇಳಿಬಿಡುತ್ತಾನೆ. ಪುಸ್ತಕದ ಹಿಂಬದಿಯಲ್ಲೇ ದಯವಿಟ್ಟು ಇದನ್ನು ಕೆಳಗಿಡಿ, ಬೇರೆ ಖುಷಿಯ ಕಥೆ ಓದಿ ಅನ್ನುತ್ತಾನೆ. ಎರಡನೇ ಪುಸ್ತಕದ ಒಳ್ಳೆಯ ಪಾಲಕ ಅಂಕಲ್ ಮಾಂಟಿ ಸಾಯುತ್ತಾರೆ ಅನ್ನೋದನ್ನು ಅವರು ಸಾಯುವ ಎಷ್ಟೋ ಪುಟ ಮೊದಲೇ ತಿಳಿಸುತ್ತಾನೆ. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ‘ಇಲ್ಲೊಂದು ಮೆಟ್ಟಿಲು ಮುರಿದಿದೆ, ಹುಷಾರು’ ಅನ್ನುವವರ ಹಾಗೆ. ಮಗು ಎಡವಲ್ಲ. ಅಂದಹಾಗೆ ಹ್ಯಾಂಡ್ಲರ್ ಪುಸ್ತಕದ ಕಾರ್ಯಕ್ರಮಗಳಿಗೆ ಹೋಗಿ ‘ಸ್ನಿಕೆಟ್ ಬರಲಾಗಲಿಲ್ಲ, ನಾನು ಅವರ ಪ್ರತಿನಿಧಿ’ ಅನ್ನುತ್ತಿದ್ದರು. ಇದೆಲ್ಲ ನಿಜವಾಗಿ ನಡೆದದ್ದಾ ಅಂತ ಮಗಳು ಕೇಳಿದರೆ ಈ ಸಂಗತಿ ಹೇಳಿ, ಮಜಾ ಪಡುತ್ತಾಳೆ.

ಈಗ ಅಸಲು ವಿಷಯ, ಮಲಗುವಾಗಿನ ಪ್ರಶ್ನೆ.

‘ಬಿಡ್ತು ಅನ್ನು’ ಅಂದಿರಿ. ನಾನೂ ತಾಯಿ, ನನ್ನ ಬಾಯಲ್ಲೂ ಅದೇ ಬರುತ್ತಿತ್ತು. ಆದರೆ ನಿಮ್ಮ ಅತ್ತೆ ಮೊಮ್ಮಗಳಿಗೆ ಗೋವಿನ ಹಾಡು ಹೇಳಿಕೊಟ್ಟಿರುತ್ತಾರೆ, ಅಲ್ವಾ? ಅದರಲ್ಲಿ ತಾಯಿ ಪುಣ್ಯಕೋಟಿ ಹುಲಿಯ ಬಾಯಿಗೆ ಹೊರಟಾಗ ಕರು ಏನು ಕೇಳುತ್ತದೆ? ಇನ್ನು ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ, ಯಾರ ಜೊತೆ ಬದುಕಲಿ ಅಂತ. ನಿಮ್ಮ ಮಗಳು ಕೇಳಿದ್ದೂ ಅದೇ ಪ್ರಶ್ನೆ. ಅಮೆರಿಕದ ಪುಸ್ತಕ ಓದಿ ಹುಟ್ಟಿದ ವಿಚಿತ್ರ ಪ್ರಶ್ನೆ ಅದಲ್ಲ. ಪುಣ್ಯಕೋಟಿ ಏನು ಮಾಡುತ್ತಾಳೆ ನೋಡಿ. ಬಿಡ್ತು ಅನ್ನಲ್ಲ. ಅಕ್ಕತಂಗಿಯರಂಥ ಹಸುಗಳನ್ನೆಲ್ಲ ಕರೆದು, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ಈ ತಬ್ಬಲಿಯನ್ನು ನಿಮ್ಮ ಮಗು ಅಂತ ನೋಡಿ ಅಂತ ಕೈಗೆ ಒಪ್ಪಿಸಿ ಹೊರಡುತ್ತಾಳೆ. ಯಾರ ಕೈಗೆ ಅನ್ನೋದು ಕರುವಿಗೆ ಎದುರಲ್ಲೇ ಗೊತ್ತಾಗುತ್ತದೆ.

ಬೋದಲೇರ್ ತಂದೆತಾಯಿ ಇದನ್ನೇ ಸರಿಯಾಗಿ ಮಾಡಿರಲಿಲ್ಲ. ಮಕ್ಕಳನ್ನು ಆದಷ್ಟು ಅನುಕೂಲವಾಗುವ ಹಾಗೆ ಸಂಬಂಧಿಕರು ಬೆಳೆಸಲಿ ಅಂತ ಉಯಿಲಿನಲ್ಲಿ ಮೊಗಮ್ಮಾಗಿ ಬರೆದಿದ್ದರು. ಊರೊಳಗೆ ಇರುವ ಸಂಬಂಧಿಕ ಇವನೊಬ್ಬನೇ ಅಂತ ಪೋ ಲೆಕ್ಕ ಹಾಕಿ ಓಲಾಫನ ಮನೆಗೆ ಬಿಟ್ಟರು. ಇಡೀ 13 ಪುಸ್ತಕಗಳ ಕಷ್ಟಕ್ಕೆ ಬಾಗಿಲು ತೆರೆದದ್ದು ಆ ಲೆಕ್ಕ. ಈ ಪುಸ್ತಕಗಳಲ್ಲಿ ಮಕ್ಕಳನ್ನು ನಿಜವಾಗಿ ಕಾಡುವ ಭಯ ಅದು, ತಪ್ಪು ಕೈಗೆ ಸಿಕ್ಕಿಬಿಟ್ಟರೆ ಅಂತ.

ಹಾಗಾಗಿ ಮಗಳಿಗೆ ಹೆಸರು ಹೇಳಿ. ‘ನಾವು ತುಂಬಾ ವರ್ಷ ಇರ್ತೀವಿ ಅನ್ಕೊಂಡಿದೀವಿ. ಅಕಸ್ಮಾತ್ ಹಾಗಾದರೆ ನೀನೂ ತಮ್ಮನೂ ಇಂಥ ಚಿಕ್ಕಮ್ಮನ ಮನೇಲಿರ್ತೀರಿ. ಇಬ್ಬರೂ ಒಟ್ಟಿಗೇ ಇರ್ತೀರಿ. ಚಿಕ್ಕಮ್ಮನ ಹತ್ರ ಮಾತಾಡಿದೀವಿ.’ ಇಷ್ಟು ಸಾಕು. ಒಟ್ಟಿಗೇ ಅನ್ನುವ ಮಾತನ್ನು ಮರೆಯಬೇಡಿ, ಅವಳು ತಮ್ಮನನ್ನೂ ಸೇರಿಸಿಯೇ ಕೇಳಿದ್ದಾಳೆ. ‘ನಮಗೆ ಏನೂ ಆಗಲ್ಲ’ ಅಂತ ಮಾತ್ರ ಹೇಳಬೇಡಿ, ಅದು ಸುಳ್ಳು ಅಂತ ಒಂಬತ್ತು ವರ್ಷಕ್ಕೆ ಗೊತ್ತಿರುತ್ತದೆ. ಹೇಳುವ ಮೊದಲು ಆ ಚಿಕ್ಕಮ್ಮನ ಹತ್ತಿರ ನಿಜವಾಗಿಯೂ ಮಾತಾಡಿ. ಬಹಳ ಮನೆಗಳಲ್ಲಿ ಇದು ಅತ್ತೆ ಕಡೆಯಾ ತವರಿನ ಕಡೆಯಾ ಅಂತ ಜಗಳಕ್ಕೆ ತಿರುಗುತ್ತದೆ ಅನ್ನೋದೂ ನನಗೆ ಗೊತ್ತು. ಮಕ್ಕಳ ಮುಂದೆ ಆ ಜಗಳ ಬೇಡ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ ಪ್ರಕಾರ ತಂದೆತಾಯಿ ಉಯಿಲಿನಲ್ಲಿ ಮಕ್ಕಳಿಗೆ ಪಾಲಕರನ್ನು ನೇಮಿಸಬಹುದು. ಅದು ಯಾವಾಗ ಜಾರಿಗೆ ಬರುತ್ತದೆ, ಹೇಗೆ ಬರೆಯಬೇಕು ಅನ್ನೋದನ್ನು ಒಬ್ಬ ವಕೀಲರನ್ನು ಕೇಳಿಕೊಳ್ಳಿ.

ಇನ್ನು ಪುಸ್ತಕ ನಿಲ್ಲಿಸಬೇಕಾ? ಕಿತ್ತಿಟ್ಟರೆ ಅವಳು ಸ್ಕೂಲಿನಲ್ಲೇ ಓದುತ್ತಾಳೆ. ಅದು ಸಣ್ಣ ನಷ್ಟ. ದೊಡ್ಡ ನಷ್ಟ ಏನಂದರೆ, ಪ್ರಶ್ನೆ ಕೇಳಿದ್ದಕ್ಕೆ ಪುಸ್ತಕ ಹೋಯಿತು ಅಂತ ಅವಳು ಲೆಕ್ಕ ಹಾಕುತ್ತಾಳೆ, ಮುಂದಿನ ಪ್ರಶ್ನೆ ನಿಮ್ಮ ಹತ್ತಿರ ಬರಲ್ಲ. ನಿಮ್ಮ ಯಜಮಾನರು ಹೇಳಿದ ಹಾಗೆ ಸುಮ್ನೆ ಬಿಡುವುದರಲ್ಲೂ ಅಪಾಯ ಇದೆ, ಯಾಕಂದರೆ ಈ ಸರಣಿ ಮಗುವಿನ ಜೊತೆಗೇ ವಯಸ್ಸಾಗುತ್ತಾ ಹೋಗುತ್ತದೆ. ಮೊದಲ ನಾಲ್ಕು ಪುಸ್ತಕಗಳಿಗೆ ಹೆಚ್ಚುಕಮ್ಮಿ ಒಂದೇ ಅಚ್ಚು: ಹೊಸ ಮನೆ, ಓಲಾಫನ ಹೊಸ ವೇಷ, ಪೋ ಅವರ ಹಳೇ ಕೆಮ್ಮು. ನಿಜ ಹೇಳಬೇಕೆಂದರೆ ನನಗೆ ನಾಲ್ಕನೆಯದರ ಹೊತ್ತಿಗೆ ಆಕಳಿಕೆ ಬಂದಿತ್ತು. ಎಷ್ಟೋ ಮಕ್ಕಳು ಅಲ್ಲೇ ಬಿಡುತ್ತಾರೆ. ಎಂಟನೆಯದು ಆಸ್ಪತ್ರೆಯಲ್ಲಿ ನಡೆಯುತ್ತದೆ, ಅಲ್ಲಿ ಆಪರೇಷನ್ ಹೆಸರಿನಲ್ಲಿ ವಯೊಲೆಟ್‌ಳ ತಲೆ ತೆಗೆಯುವ ಸಂಚು ಇದೆ. ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದ್ದ ಸಮಯದಲ್ಲಿ ಅದನ್ನು ಕೊಡಬೇಡಿ. ಹನ್ನೆರಡನೆಯದು ಬೇರೆ ಥರ ಕಷ್ಟ. ಅಷ್ಟೊತ್ತಿಗೆ ಮಕ್ಕಳೂ ಸುಳ್ಳು ಹೇಳಿರುತ್ತಾರೆ, ವೇಷ ಹಾಕಿರುತ್ತಾರೆ. ಅವರ ಕೈಯಿಂದಲೇ ಆಕಸ್ಮಿಕವಾಗಿ ಒಬ್ಬ ಒಳ್ಳೆಯ ಮನುಷ್ಯ ಸಾಯುತ್ತಾನೆ. ನಾವೂ ಓಲಾಫನ ಥರ ಆಗಿಬಿಟ್ಟೆವಾ ಅನ್ನುವ ಪ್ರಶ್ನೆಯನ್ನು ಹನ್ನೊಂದು ಹನ್ನೆರಡು ವರ್ಷದವರು ಚೆನ್ನಾಗಿ ಮೆಲುಕು ಹಾಕುತ್ತಾರೆ. ಒಂಬತ್ತಕ್ಕೆ ಅದು ತಲೆ ಮೇಲೆ ಹೋಗುತ್ತದೆ, ಇಲ್ಲ ಸುಮ್ನೆ ಭಾರವಾಗುತ್ತದೆ. ಏಳರ ಹತ್ತಿರ ಒಂದು ವರ್ಷ ಗ್ಯಾಪ್ ಕೊಡುವುದು ನನ್ನ ಸಲಹೆ. ಕೊನೆಯ ಪುಸ್ತಕ ಎಲ್ಲ ಗುಟ್ಟುಗಳನ್ನು ಬಿಚ್ಚುವುದೂ ಇಲ್ಲ, ಕಥೆಯಲ್ಲಿ ಎಲ್ಲರೂ ಹುಡುಕುವ ಸಕ್ಕರೆ ಬಟ್ಟಲಿನಲ್ಲಿ ಏನಿತ್ತು ಅಂತ ನನ್ನ ಹತ್ತಿರ ಜಗಳಕ್ಕೆ ಬಂದ ಮಕ್ಕಳಿದ್ದಾರೆ.

ಮೊದಲ ಪುಸ್ತಕದ ಮದುವೆ ಬಗ್ಗೆ ನಿಮಗೆ ಇರುಸುಮುರುಸಾಗಿದ್ದು ನ್ಯಾಯವೇ. ನಮ್ಮಲ್ಲಿ ಬಾಲ್ಯವಿವಾಹ ಕಥೆಯ ವಿಷಯ ಮಾತ್ರ ಅಲ್ಲವಲ್ಲ. ನಿಮ್ಮ ಮಗಳ ವಯಸ್ಸಿಗೆ ಅದು ಆಸ್ತಿ ಹೊಡೆಯುವ ಸಂಚಾಗಿ, ವಯೊಲೆಟ್ ಎಡಗೈಯಲ್ಲಿ ಸಹಿ ಮಾಡಿ ತಪ್ಪಿಸಿಕೊಂಡ ಜಾಣತನವಾಗಿ ಕಾಣುತ್ತದೆ. ಅವಳು ಕೇಳಿದರೆ, ಇಲ್ಲಿ ಹೆಣ್ಣುಮಕ್ಕಳ ಮದುವೆಗೆ 18 ತುಂಬಿರಬೇಕು, ಅದು ಕಾನೂನು ಅಂತ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗಿ.

ನೀವೂ ಜೊತೆಗೆ ಓದಬಹುದು. ಅದರಲ್ಲಿ ಒಂದೇ ಅಪಾಯ, ಪ್ರತಿ ಅಧ್ಯಾಯಕ್ಕೂ ‘ಇದರಿಂದ ಏನು ಕಲಿತೆ?’ ಅಂತ ಪರೀಕ್ಷೆ ಇಡಲು ಶುರು ಮಾಡುತ್ತೀರಿ. ಆಗ ನೀವೇ ಮಿಸ್ಟರ್ ಪೋ. ಸುಮ್ನೆ ಓದಿ, ನಗು ಬಂದಲ್ಲಿ ನಗಿ. ನೆಟ್‌ಫ್ಲಿಕ್ಸ್‌ನಲ್ಲಿ 2017ರಿಂದ 2019ರವರೆಗೆ ಬಂದ ಸರಣಿ ಇದೆ, 2004ರ ಸಿನಿಮಾ ಕೂಡ ಇದೆ. ಅವೆರಡೂ ಓದಿದ ಮೇಲೆ ಇರಲಿ. ಪುಸ್ತಕದಲ್ಲಿ ಹೆದರಿಕೆಯಾದರೆ ಮುಚ್ಚಿಡಬಹುದು, ಪರದೆ ಮಗುವಿನ ವೇಗಕ್ಕೆ ಕಾಯಲ್ಲ.

ಯಾವಾಗ ಗಮನ ಕೊಡಬೇಕು? ನಗು ನಿಂತುಹೋಗಿ, ಸಾಯುವ ಪುಟಗಳನ್ನೇ ಮತ್ತೆ ಮತ್ತೆ ಓದುತ್ತಿದ್ದರೆ. ವಾರಗಟ್ಟಲೆ ನಿದ್ದೆ ಕೆಟ್ಟರೆ. ನೀವು ಅಂಗಡಿಗೆ ಹೊರಟರೂ ಅತ್ತು ತಡೆದರೆ, ಸ್ಕೂಲಿಗೆ ಹೊರಡುವಾಗ ದಿನಾ ಹೊಟ್ಟೆನೋವು ಬಂದರೆ. ಆಗ ಪುಸ್ತಕದ ಮೇಲೆ ತಪ್ಪು ಹೊರಿಸಿ ಕೂರಬೇಡಿ, ಮಕ್ಕಳ ಆಪ್ತಸಮಾಲೋಚಕರನ್ನು ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ರಾತ್ರಿ ಒಂದು ಪ್ರಶ್ನೆ ಕೇಳಿದ್ದು ಈ ಪಟ್ಟಿಗೆ ಸೇರಲ್ಲ.

ಐದು ವರ್ಷದ ಮಗನಿಗೆ ಈಗ ಬೇಡ. ಆ ವಯಸ್ಸಿಗೆ ದೊಡ್ಡವರ ಪೆದ್ದುತನದ ತಮಾಷೆ ಸಿಗಲ್ಲ, ಪಂಜರದಲ್ಲಿ ನೇತಾಡುವ ಕೂಸು ಮಾತ್ರ ಉಳಿಯುತ್ತದೆ. ಅಕ್ಕನಿಗೆ ಸನ್ನಿಯ ಮಾತುಗಳನ್ನಷ್ಟೇ ಓದಿ ಹೇಳು ಅನ್ನಿ. ಸನ್ನಿ ಒಂದು ಅರ್ಥವಿಲ್ಲದ ಶಬ್ದ ಹೇಳುತ್ತಾಳೆ, ಸ್ನಿಕೆಟ್ ಅದಕ್ಕೆ ಉದ್ದುದ್ದ ಅರ್ಥ ಕೊಡುತ್ತಾನೆ. ಇಬ್ಬರೂ ಅದನ್ನು ಆಟ ಮಾಡಿಕೊಳ್ಳುತ್ತಾರೆ.

ಮಗಳು ಮೂರನೆಯದನ್ನು ಮುಗಿಸಿದ ಮೇಲೆ ನೀವೂ ಅದನ್ನು ತೆಗೆದುಕೊಳ್ಳಿ. ಅದರಲ್ಲಿ ಆಂಟ್ ಜೋಸೆಫೀನ್ ಅಂತ ಒಬ್ಬರಿದ್ದಾರೆ. ಫೋನ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಒಲೆ ಹಚ್ಚಿದರೆ ಬೆಂಕಿ ಹತ್ತಿಕೊಳ್ಳುತ್ತದೆ, ಬಾಗಿಲ ಹಿಡಿ ತಿರುಗಿಸಿದರೆ ಚೂರಾಗಿ ಕಣ್ಣಿಗೆ ಹಾರುತ್ತದೆ ಅಂತ ಹೆದರಿ ಮಕ್ಕಳಿಗೆ ದಿನಾ ತಣ್ಣನೆಯ ಊಟ ಹಾಕುತ್ತಾರೆ. ಅವರ ಮನೆ ಇರೋದು ಮಾತ್ರ ಪ್ರಪಾತದ ತುದಿಯಲ್ಲಿ. ನಿಮ್ಮ ಮನೆಯಲ್ಲಿ ಯಾರನ್ನು ನೆನೆದು ಮಗಳು ಊಟದ ತಟ್ಟೆ ಮುಂದೆ ನಗುತ್ತಿದ್ದಳು ಅಂತ ಆಗ ತಿಳಿಯಬಹುದು. ಅತ್ತೆಯವರಿರಬೇಕು ಅಂತ ನೀವು ಅಂದುಕೊಳ್ಳುತ್ತೀರಿ. ನೀವೂ ಇರಬಹುದು.